ಕೊಂಬಿನವನನ್ನು ಬಿಡಿ, ಬಾಗಿಲು ತಟ್ಟುವವಳನ್ನು ಬರೆಯಿರಿ

ವಿಶ್ವೇಶ್ವರಪುರಂ (ವಿ.ವಿ. ಪುರ), ಬಸವನಗುಡಿ, ಚಾಮರಾಜಪೇಟೆಯ ಸುತ್ತಮುತ್ತ ಕೂತು ಕಾಮಿಕ್ಸ್ ಬರೆಯಲು ಹೊರಟಿರುವ ಹುಡುಗ ಹುಡುಗಿಯರಿಗೆ,

ನಿಮ್ಮ ಹೊಸ ಚಿತ್ರಕಥೆಯ ಖಳನಾಯಕನ ಕರಡು ಚಿತ್ರಗಳನ್ನು ಕಳಿಸಿ, "ಹೆಂಗಿದೆ ಹೇಳಿ ಅಂಕಲ್, ಮುಲಾಜು ನೋಡಬೇಡಿ" ಎಂದಿದ್ದೀರಿ. ಸರಿ, ನೋಡುವುದಿಲ್ಲ. ನಿಮಗಷ್ಟೇ ಹೇಳಿ ಮುಗಿಸದೆ ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದೇ ಖಳ ಹೆಸರು ಬದಲಿಸಿಕೊಂಡು ಮಲ್ಲೇಶ್ವರದಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಇನ್ನೆಷ್ಟೋ ಮಕ್ಕಳ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಕೂತಿದ್ದಾನೆಂಬ ಅನುಮಾನ ನನಗೆ.

ಗೆರೆ ಚೆನ್ನಾಗಿದೆ. ಮಸಿಯನ್ನು ಧೈರ್ಯವಾಗಿ ಬಳಸಿದ್ದೀರಿ. ಆದರೆ ಅವನಿಗೆ ಮೇಕೆಯ ತಲೆ, ಹಣೆಯ ಮೇಲೆ ಐದು ಮೂಲೆಯ ನಕ್ಷತ್ರ, ನೆಲ ಗುಡಿಸುವ ಕಪ್ಪು ನಿಲುವಂಗಿ, ಕೈಯಲ್ಲಿ ಲ್ಯಾಟಿನ್ ಮಂತ್ರಗಳ ಪುಸ್ತಕ. ಇಷ್ಟೆಲ್ಲ ಹೊತ್ತುಕೊಂಡು ಸಜ್ಜನ್‌ರಾವ್ ಸರ್ಕಲ್ಲಿನ ಸುಬ್ರಹ್ಮಣ್ಯ ದೇವಸ್ಥಾನದ ಎದುರು ನಿಂತಿದ್ದಾನೆ. ನೋಡಿದರೆ ಹೆದರಿಕೆಯಾಗುವುದಿಲ್ಲ. ಯಾರಾದರೂ ದಾರಿ ಹೇಳಿ ಮೆಜೆಸ್ಟಿಕ್ಕಿನ ಬಸ್ಸು ಹತ್ತಿಸಿ ಕಳಿಸಬಾರದೇ ಅನ್ನಿಸುತ್ತದೆ.

ಆ ಮೇಕೆಯ ತಲೆಗೆ ಈಗಿನ ರೂಪ ಕೊಟ್ಟವನು ಎಲಿಫಾಸ್ ಲೆವಿ ಎಂಬ ಫ್ರೆಂಚ್ ಗೂಢವಿದ್ಯೆಯ ಲೇಖಕ. ಕಾಲ 1850ರ ದಶಕ. ಅವನ ಚಿತ್ರದಲ್ಲಿ ಎರಡು ಕೊಂಬಿನ ನಡುವೆ ಒಂದು ಪಂಜು ಉರಿಯುತ್ತದೆ, ಒಂದು ಕೈ ಮೇಲಕ್ಕೆ ತೋರಿಸುತ್ತದೆ, ಇನ್ನೊಂದು ಕೆಳಕ್ಕೆ. ಗಂಡು ಹೆಣ್ಣು, ಕತ್ತಲೆ ಬೆಳಕು ಒಂದೇ ಮೈಯಲ್ಲಿ ಕೂಡಿರುವುದನ್ನು ತೋರಿಸಬೇಕೆಂದು ಅವನು ಅದನ್ನು ಬರೆದದ್ದು. ಆಮೇಲೆ ಬಂದ ಸಿನಿಮಾ ಪೋಸ್ಟರು, ಹೆವಿ ಮೆಟಲ್ ಹಾಡಿನ ಹೊದಿಕೆಗಳು ಅದನ್ನು ಸೈತಾನ ಮಾಡಿದವು. ನಿಮ್ಮ ಕೈಗೆ ಬರುವ ಹೊತ್ತಿಗೆ ಅರ್ಥವೆಲ್ಲ ಉದುರಿ ಹೋಗಿ ಬರೀ ಮುಖವಾಡ ಉಳಿದಿದೆ.

ಹೊರಗಿನದನ್ನು ತರಬಾರದು ಎನ್ನುವವನು ನಾನಲ್ಲ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ನೀವೂ ಶಾಲೆಯಲ್ಲಿ ಓದಿರುತ್ತೀರಿ. ಅದು ಜರ್ಮನಿಯ ಹ್ಯಾಮೆಲಿನ್ ಊರಿನ ದಂತಕಥೆ, ಇಂಗ್ಲಿಷ್ ಕವಿ ಬ್ರೌನಿಂಗನ ಕೈ ದಾಟಿ ಬಂದದ್ದು. ಅಲ್ಲಿಯ ಕೊಳಲಿನವನಿಗೆ ಕುವೆಂಪು ಕೊಳಲು ಬಿಡಿಸಿ ಕೈಗೆ ಕಿಂದರಿ ಕೊಟ್ಟರು, ಜೋಗಿಯ ವೇಷ ತೊಡಿಸಿದರು. ಮನೆಬಾಗಿಲಿಗೆ ಬಂದು ಕಿಂದರಿ ಬಾರಿಸುತ್ತ ನಿಲ್ಲುವ ಜೋಗಿಯನ್ನು ಆ ಕಾಲದ ಮಕ್ಕಳು ನಿಜವಾಗಿ ಕಂಡಿದ್ದರು. ಕೊಟ್ಟ ಮಾತಿಗೆ ತಪ್ಪಿದ ಊರಿನ ಮಕ್ಕಳನ್ನು ಅವನು ಕರೆದೊಯ್ಯುತ್ತಾನೆ ಎಂದಾಗ ಆ ಭಯಕ್ಕೆ ಊರಿತ್ತು, ವಿಳಾಸವಿತ್ತು. ನಿಮ್ಮ ಮೇಕೆ ತಲೆಯವನಿಗೆ ಇಲ್ಲದಿರುವುದು ಅದು.

ಇನ್ನೊಂದು ಮಾತು ಹೇಳುತ್ತೇನೆ, ಇದೇ ಮುಖ್ಯ. ನಮ್ಮ ಕಡೆ ಭೀಕರವಾದ ಮುಖ ಇರುವುದು ಕಾವಲಿಗೆ. ಕಟ್ಟುತ್ತಿರುವ ಯಾವ ಮನೆಯ ಮುಂದಾದರೂ ನೋಡಿ, ಕೋರೆಹಲ್ಲು, ಹುರಿಮೀಸೆ, ಹೊರಚಾಚಿದ ನಾಲಿಗೆಯ ದೃಷ್ಟಿಬೊಂಬೆ ತೂಗುತ್ತಿರುತ್ತದೆ. ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ಬರೆಯುವ ಮುಖವೂ ಅದೇ ಜಾತಿಯದು. ದೇವಸ್ಥಾನದ ದ್ವಾರದ ಮೇಲೆ ಕೂತ ಕೀರ್ತಿಮುಖದ ಕಥೆ ಗೊತ್ತಲ್ಲ? ಶಿವನ ಹಣೆಗಣ್ಣಿನಿಂದ ಹುಟ್ಟಿದ ಆ ಜೀವಿಗೆ ಹಸಿವು ತಾಳಲಾಗಲಿಲ್ಲ. ನಿನ್ನನ್ನೇ ನೀನು ತಿನ್ನು ಎಂದ ಶಿವ. ಅದು ಬಾಲದಿಂದ ಶುರುಮಾಡಿ ಮೈಯನ್ನೆಲ್ಲ ತಿಂದು ಮುಗಿಸಿತು, ಮುಖವೊಂದು ಉಳಿಯಿತು. ಅಂಥ ಮುಖವನ್ನು ನಾವು ಬಾಗಿಲ ಮೇಲಿಟ್ಟು ಕೈಮುಗಿಯುತ್ತೇವೆ.

ಕೆಡುಕು ಬರುವುದು ಬೇರೆ ರೀತಿ. ರಾವಣ ಪಂಚವಟಿಗೆ ಹತ್ತು ತಲೆ ಹೊತ್ತು ಹೋಗಲಿಲ್ಲ, ಭಿಕ್ಷೆ ಬೇಡುವ ಸನ್ಯಾಸಿಯಾಗಿ ಹೋದ. ಪೂತನಿ ಗೋಕುಲಕ್ಕೆ ಬಂದದ್ದು ಚೆಲುವೆಯಾಗಿ, ಹಾಲೂಡಿಸುವ ತಾಯಿಯಾಗಿ. ಮೋಹಿನಿಯ ಕಥೆ ಹೇಳುತ್ತಿದ್ದ ನಿಮ್ಮ ಅಜ್ಜಿ ಅವಳ ಮುಖವನ್ನು ವರ್ಣಿಸಿದ್ದು ನೆನಪಿದೆಯೇ? ಬಿಳಿ ಸೀರೆ, ಮಲ್ಲಿಗೆ ಹೂವು, ಗೆಜ್ಜೆ, ಅಷ್ಟೆ. ಕೊನೆಗೆ ತಗ್ಗಿದ ದನಿಯಲ್ಲಿ ಒಂದು ಮಾತು: ಕಾಲು ಹಿಂದುಮುಂದು. ಚಿತ್ರಕಾರರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾವುದಿದೆ? ಮೈಯೆಲ್ಲ ನೆರೆಮನೆಯವರಂತೆ, ಒಂದೇ ಒಂದು ಗುರುತು ತಪ್ಪು. ನಾಲ್ಕು ಚೌಕದಲ್ಲಿ ಮೊಣಕಾಲಿನ ತನಕ ಬರೆದು ಕತ್ತರಿಸಿ, ಐದನೆಯದರಲ್ಲಿ ಪಾದ ತೋರಿಸಿ.

ಇನ್ನು 'ನಾಳೆ ಬಾ'. ನಿಮ್ಮಲ್ಲಿ ಬಹಳ ಮಂದಿ ಆಗಿನ್ನೂ ಹುಟ್ಟಿರಲಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲು, ಗೋಡೆಗಳ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಈ ಎರಡು ಪದ ಬರೆದಿರುತ್ತಿದ್ದರು. ರಾತ್ರಿ ಒಬ್ಬಳು ಬಂದು ಬಾಗಿಲು ತಟ್ಟುತ್ತಾಳೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳೆ, ಬಾಗಿಲು ತೆರೆದವನು ಉಳಿಯುವುದಿಲ್ಲ ಎಂಬ ಪುಕಾರು. ಬಾಗಿಲ ಮೇಲೆ 'ನಾಳೆ ಬಾ' ಎಂದಿದ್ದರೆ ಓದಿಕೊಂಡು ಹಿಂತಿರುಗುತ್ತಾಳೆ. ಮರುದಿನ ಬರುತ್ತಾಳೆ, ಮತ್ತೆ ಓದುತ್ತಾಳೆ, ಮತ್ತೆ ಹೋಗುತ್ತಾಳೆ. ಅಂಗಡಿಯವರು 'ಸಾಲ ನಾಳೆ' ಎಂದು ಬೋರ್ಡು ಹಾಕುವುದು ಇದೇ ನಂಬಿಕೆಯ ಮೇಲೆ. (ಈ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಎಂಬುದನ್ನು ಕನ್ನಡ ಚಳವಳಿಯವರು ಯಾಕೆ ಎತ್ತಿ ಆಡಲಿಲ್ಲವೋ ಕಾಣೆ.) 2018ರಲ್ಲಿ ಬಂದ ಹಿಂದಿ ಚಿತ್ರ 'ಸ್ತ್ರೀ' ಇದೇ ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು ಕೋಟಿಗಟ್ಟಲೆ ದುಡಿಯಿತು. ಮೂಲದ ಸರಕು ನಮ್ಮ ಗೋಡೆಗಳ ಮೇಲೆ ಬಿದ್ದಿತ್ತು, ಮಳೆಗೆ ತೊಳೆದುಹೋಯಿತು.

ಇದನ್ನು ಕಥೆಗಾರರ ಕಣ್ಣಿನಿಂದ ಬಿಡಿಸಿ ನೋಡಿ. ಅವಳು ಹೇಗಿದ್ದಾಳೆಂದು ಯಾರೂ ಹೇಳಲಿಲ್ಲ, ಯಾಕೆಂದರೆ ಯಾರೂ ಕಂಡಿರಲಿಲ್ಲ. ಅವಳ ಕೈಯಲ್ಲಿ ಆಯುಧವಿಲ್ಲ. ಅಮ್ಮ ಕರೆದರೆ ಬಾಗಿಲು ತೆರೆಯುವ ನಿಮ್ಮ ಅಭ್ಯಾಸವೇ ಅವಳ ಆಯುಧ. ಜೊತೆಗೆ ಅವಳಿಗೊಂದು ಕಟ್ಟುಪಾಡಿದೆ: ಬರೆದದ್ದನ್ನು ಮೀರುವಂತಿಲ್ಲ. ನಿಮ್ಮ ಮೇಕೆ ತಲೆಯವನು ಮಿಂಚು ಹೊಡೆಸುತ್ತಾನೆ, ಸತ್ತವರನ್ನು ಎಬ್ಬಿಸುತ್ತಾನೆ, ಗೋಡೆ ತೂರಿ ಬರುತ್ತಾನೆ, ಹಾರುತ್ತಾನೆ. ಅವನಿಗೆ ಮಾಡಲಾಗದ್ದು ಏನು ಎಂದು ಕೇಳಿದರೆ ನಿಮ್ಮಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಕಾರಣಕ್ಕೆ ಹನ್ನೆರಡನೆಯ ಪುಟದಲ್ಲಿ ನಿಮ್ಮ ನಾಯಕ ಸುಮ್ಮನೆ ಇನ್ನೂ ಜೋರಾಗಿ ಗುದ್ದಬೇಕಾಗಿ ಬಂದಿದೆ.

ಹಳೆಯ ಕಥೆಗಾರರು ಈ ಲೆಕ್ಕದಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ವಿಕ್ರಮನ ತಲೆ ಸಿಡಿಯುತ್ತದೆ, ಬಾಯಿಬಿಟ್ಟರೆ ಬೇತಾಳ ಹೆಗಲಿಂದ ಹಾರಿ ಮರಕ್ಕೆ ವಾಪಸು. ಆ ಒಂದು ಕಟ್ಟಿನ ಮೇಲೆ 'ಚಂದಮಾಮ' ದಶಕಗಟ್ಟಲೆ ಕಥೆ ಹೆಣೆಯಿತು. ಕಲಾವಿದ ಶಂಕರ್ ಬರೆದ ಆ ಶೀರ್ಷಿಕೆ ಚಿತ್ರ, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಈಗಲೂ ಎಷ್ಟೋ ಮನೆಯವರಿಗೆ ಕಣ್ಣಿಗೆ ಕಟ್ಟಿದೆ. ಬ್ರಹ್ಮರಾಕ್ಷಸ ಮರ ಬಿಟ್ಟು ಬರಲಾರ. ಮಲೆಯ ಮಾದೇಶ್ವರನ ಕಾವ್ಯದ ಶ್ರವಣದೊರೆಯನ್ನು ತೆಗೆದುಕೊಳ್ಳಿ. ದೇವಾನುದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟು ದುಡಿಸಿಕೊಳ್ಳುವ ಅಹಂಕಾರಿ. ಮಾದಪ್ಪ ಅವನನ್ನು ಮುಗಿಸುವುದು ದಿವ್ಯಾಸ್ತ್ರ ಬಿಟ್ಟಲ್ಲ, ಅರಗಿನ ಪಾದರಕ್ಷೆ ತೊಡಿಸಿ. ಅವನ ದರ್ಪವೇ ಅವನ ಕಾಲಿಗೆ ಅಂಟಿ ಉರಿಯುತ್ತದೆ. ಕಂಸಾಳೆಯವರು ಆ ಸಾಲನ್ನು ಹಾಡುವಾಗ ಒಮ್ಮೆ ಕೂತು ಕೇಳಿ. ಖಳನನ್ನು ಹೇಗೆ ಬೆಳೆಸಬೇಕು, ಎಲ್ಲಿ ಬೀಳಿಸಬೇಕು ಎಂಬ ಪಾಠ ಯಾವ ಡಿಸೈನ್ ಕೋರ್ಸಿನಲ್ಲೂ ಅಷ್ಟು ಚೆನ್ನಾಗಿ ಸಿಗದು.

ನಿಮ್ಮ ಓಣಿಗೆ ಇನ್ನೂ ಹತ್ತಿರದವನು ಬೇಕೆಂದರೆ ಪೇಟೆಯ ಕರಗದ ಕಥೆಯಲ್ಲಿ ತಿಮಿರಾಸುರನಿದ್ದಾನೆ. ಅವನನ್ನು ಎದುರಿಸಲು ದ್ರೌಪದಿ ಆದಿಶಕ್ತಿಯಾಗಿ ವೀರಕುಮಾರರನ್ನು ಸೃಷ್ಟಿಸಿದಳು ಎಂಬುದು ನಂಬಿಕೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯಲ್ಲಿ ನಮಗೆ ಕಾಣುವುದು ಆ ವೀರಕುಮಾರರ ಅಲಗು. ಅಸುರ ಕಾಣುವುದಿಲ್ಲ.

ಕಟ್ಟುಪಾಡಿನ ಜೊತೆಗೆ ಬೇಕಾದದ್ದು ಹುಟ್ಟು. ಅವನು ಯಾಕೆ ಹೀಗಾದ? 'ಆಪ್ತಮಿತ್ರ' (2004) ನೋಡಿದವರಿಗೆ ಇಂದಿಗೂ ನೆನಪಿರುವುದು ನಾಗವಲ್ಲಿ. ಅವಳಿಗೆ ಒಬ್ಬ ರಾಜ ಮಾಡಿದ ಅನ್ಯಾಯ ನಮಗೆ ಗೊತ್ತು, ಅದಕ್ಕೇ ಅವಳು ಕುಣಿಯುವಾಗ ಹೆದರಿಕೆಯ ಜೊತೆ ಕರುಳೂ ಚುರ್ರೆನ್ನುತ್ತದೆ. ತುಳುನಾಡಿನ ಪಾಡ್ದನದಲ್ಲಿ ಕಲ್ಕುಡನ ಕಥೆ ಇದೆ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿ ಅವನು. ಅಂಥ ಕೆಲಸ ಬೇರೆಲ್ಲೂ ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ತಂಗಿ ಕಲ್ಲುರ್ಟಿ ಸೇಡಿಗೆ ಎದ್ದಳು. ಆ ಏಕಶಿಲಾ ಮೂರ್ತಿ ನಿಂತದ್ದು 1432ರಲ್ಲಿ. ಅದರ ಕೀರ್ತಿಯೆಲ್ಲ ಅರಸನಿಗೆ ಸಂದಿತು, ಜನ ಮಾತ್ರ ಅಣ್ಣತಂಗಿಯರನ್ನು ದೈವವೆಂದು ನಂಬಿದರು. ಇಲ್ಲಿ ಖಳ ಯಾರು? ಸಿಂಹಾಸನದ ಮೇಲೆ ಕೂತವನು.

ಹಾಗೆಂದು ನಾಳೆಯೇ ಕಲ್ಲುರ್ಟಿಯನ್ನೋ ಗುಳಿಗನನ್ನೋ ಬರೆಯಲು ಕೂರಬೇಡಿ. 'ಕಾಂತಾರ' ಬಂದ ಮೇಲೆ ಕೋಲದ ಮುಖವರ್ಣಿಕೆ ಫ್ಯಾನ್ಸಿ ಡ್ರೆಸ್ಸಿಗೂ ಇಳಿದಿದೆ. ಇಂದಿಗೂ ಜನ ತಮ್ಮ ಕಷ್ಟ ಹೇಳಿಕೊಂಡು ನ್ಯಾಯ ಕೇಳುವ ದೈವಗಳವು. ಖಳನ ಪಾತ್ರಕ್ಕೆ ಅವರನ್ನು ಎಳೆದು ತರುವುದು ಸೋಮಾರಿತನ, ಅಗೌರವವೂ ಹೌದು. ಹಾಗೆಯೇ 'ಕೊಳ್ಳೇಗಾಲದ ಮಂತ್ರವಾದಿ' ಎಂಬ ಸವಕಲು ಪಾತ್ರವನ್ನೂ ಬಿಡಿ. ರೇಷ್ಮೆ ನೇಯುವ, ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಪದ ಹಾಡುವ ಸೀಮೆಗೆ ಸಿನಿಮಾದವರು ಮೆತ್ತಿದ ಮಸಿ ಈಗಾಗಲೇ ಸಾಕಷ್ಟಿದೆ.

ಇನ್ನೂ ಒಂದು ಎಚ್ಚರಿಕೆ, ಇದರಲ್ಲಿ ನಗೆಯಿಲ್ಲ. ನಿಮ್ಮ ಎರಡನೆಯ ಕರಡಿನಲ್ಲಿ ಒಬ್ಬ ಮುದುಕಿ ಇದ್ದಾಳೆ: ಒಂಟಿ, ಕಪ್ಪು, ಹಲ್ಲು ಬಿದ್ದವಳು, ಕೋಳಿ ಹಿಡಿದವಳು, ಬಾನಾಮತಿ ಮಾಡುವವಳು. ಇಂಥ ಹೆಂಗಸರನ್ನೇ ಊರಿನವರು ಕಂಬಕ್ಕೆ ಕಟ್ಟಿ ಹೊಡೆದದ್ದು, ಮಂತ್ರ ಹೇಳಬಾರದೆಂದು ಹಲ್ಲು ಮುರಿದದ್ದು. ಕರ್ನಾಟಕ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಕಾಯ್ದೆ ತಂದದ್ದು, 2020ರ ಜನವರಿಯಲ್ಲಿ ಅದು ಜಾರಿಗೆ ಬಂದದ್ದು ಸುಮ್ಮನೆ ಅಲ್ಲ. ನಿಮ್ಮ ಚಿತ್ರ ನೋಡಿದ ಮಗು ನಾಳೆ ಬೀದಿಯಲ್ಲಿ ಅಂಥ ಮುದುಕಿಯನ್ನು ಕಂಡು ಕಲ್ಲು ಹುಡುಕುವಂತಾದರೆ ಆ ಚಿತ್ರ ಹರಿದುಹಾಕುವುದೇ ಮೇಲು.

ಈ ವಿಷಯದಲ್ಲಿ ನಿಮಗೆ ನಾಯಕನೂ ಪಕ್ಕದಲ್ಲೇ ಸಿಗುತ್ತಾನೆ. ವಿ.ವಿ. ಪುರದಿಂದ ನಡೆದು ಹೋಗುವಷ್ಟು ದೂರದ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಬದುಕು ಕಳೆದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲೆಂದೇ ಒಂದು ಸಮಿತಿ ಮಾಡಿದ್ದರು. ಖಾದಿ ಜುಬ್ಬಾ, ಪಂಚೆ, ಗಾಂಧಿ ಟೋಪಿ, ಬಾಯಲ್ಲಿ ಸದಾ ಒಂದು ಪ್ರಶ್ನೆ. ಅವರನ್ನೇ ಬರೆಯಿರಿ ಎನ್ನುತ್ತಿಲ್ಲ. ಆ ಸ್ವಭಾವದ ಒಂದು ಹುಡುಗಿಯನ್ನು ನಾಯಕಿ ಮಾಡಿ ನೋಡಿ. ಗುದ್ದುವುದಕ್ಕಿಂತ ಕೇಳುವುದರಲ್ಲಿ ಗಟ್ಟಿಗಿತ್ತಿ.

ಈಗ ಕುಂಚದ ಮಾತು. ಖಳನ ಪ್ರವೇಶವನ್ನು ನೀವು ಮೊದಲ ಪುಟದಲ್ಲೇ ಇಡೀ ಆಳುದ್ದ ಬರೆದುಬಿಟ್ಟಿದ್ದೀರಿ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದನ್ನು ನೋಡಿದ್ದೀರಾ? ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಹೋಗುತ್ತಾರೆ. ಅದಕ್ಕೆ ಚುಟ್ಟಿ ಇಡುವುದು ಎನ್ನುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೊಂದು, ಗಂಟೆಗಟ್ಟಲೆ ಕೆಲಸ. ಕೊನೆಗೆ ಕೆನ್ನೆ, ಹಣೆಯೆಲ್ಲ ಮುಳ್ಳೆದ್ದು ಮನುಷ್ಯನ ಮುಖ ಕಾಣೆಯಾಗುತ್ತದೆ. ಕಾಸರಗೋಡು, ಪುತ್ತೂರು ಕಡೆಯವರು ಬಣ್ಣದ ಮಾಲಿಂಗನವರ ಹೆಸರು ಹೇಳುವಾಗ ಈಗಲೂ ಕಣ್ಣರಳಿಸುತ್ತಾರೆ. ಇಷ್ಟು ಕಷ್ಟಪಟ್ಟು ಕಟ್ಟಿದ ಮುಖವನ್ನು ಅವರು ತಟ್ಟನೆ ತೋರಿಸುತ್ತಾರೆಯೇ? ಇಲ್ಲ. ಮೊದಲು ಚೆಂಡೆಯ ಜೊತೆಗೆ ಎಲ್ಲಿಂದಲೋ ಆರ್ಭಟ. ಆಮೇಲೆ ಇಬ್ಬರು ಹಿಡಿದ ತೆರೆ. ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಆಡುತ್ತದೆ, ಮಾಯವಾಗುತ್ತದೆ. ರಾಳದ ಪುಡಿ ಎರಚಿದಾಗ ಭುಗ್ಗೆಂದ ಬೆಂಕಿಯಲ್ಲಿ ಒಂದು ಕ್ಷಣ ಕಣ್ಣು. ಮತ್ತೆ ತೆರೆ. ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿಗೆ ಸೇರಿಕೊಂಡ ಮೇಲೆಯೇ ಪೂರ್ತಿ ಮುಖ.

ಇದನ್ನು ಹಾಗೇ ಹಾಳೆಗೆ ಇಳಿಸಬಹುದು. ಆರ್ಭಟಕ್ಕೊಂದು ಚೌಕ, ಕಿರೀಟಕ್ಕೊಂದು, ಕಣ್ಣಿಗೊಂದು. ಪೂರ್ತಿ ಮುಖ ಬಲಗಡೆಯ ಪುಟದಲ್ಲಿ ಬೇಡ. ಓದುವವರು ಹಾಳೆ ತಿರುವಿದಾಗ ಎದುರಾಗಬೇಕು.

ನಮ್ಮ ಊರಿನವರು ಈ ಹಾದಿ ತುಳಿದೇ ಇಲ್ಲ ಎಂದುಕೊಳ್ಳಬೇಡಿ. 2004ರಲ್ಲಿ ಬಂದ ಭಾರತೀಯ ಸ್ಪೈಡರ್‌ಮ್ಯಾನ್ ಕಾಮಿಕ್ಸಿನ ಚಿತ್ರಗಳನ್ನು ಬರೆದವರು ಬೆಂಗಳೂರಿನ ಚಿತ್ರಕಾರ ಜೀವನ್ ಕಾಂಗ್. ನಾಯಕ ಪವಿತ್ರ ಪ್ರಭಾಕರ ಧೋತಿ ಉಟ್ಟು ಮುಂಬೈಯಲ್ಲಿ ಜೇಡನಾಗುತ್ತಾನೆ. ಅಮೆರಿಕದ ಗ್ರೀನ್ ಗಾಬ್ಲಿನ್ ಅಲ್ಲಿ ನಳಿನ್ ಒಬೆರಾಯ್ ಎಂಬ ಉದ್ಯಮಿ. ಒಂದು ಪ್ರಾಚೀನ ತಾಯಿತದ ಬಲದಿಂದ ರಾಕ್ಷಸನಾಗುತ್ತಾನೆ. ಕೈಚಳಕ ಅದ್ಭುತ, ತಾಯಿತದ ಉಪಾಯವೂ ಚೆನ್ನ. ಆದರೆ ರಾಕ್ಷಸನಾದ ಮೇಲೆ ಅವನು ಯಾವ ಊರಿನ ರಾಕ್ಷಸನಾದರೂ ಆಗಬಹುದಿತ್ತು ಎಂಬುದು ನನ್ನ ತಕರಾರು.

ಹಾಗಾದರೆ ನೀವೇ ಒಂದು ಕೊಡಿ ಎನ್ನುತ್ತೀರಿ, ಗೊತ್ತು. ಬೇಕಾದರೆ ಇಟ್ಟುಕೊಳ್ಳಿ.

'ನಾಳೆ ಬಾ' ಎಂದು ಹೇಳಿಸಿಕೊಂಡವಳು ಈಗ ಮೂವತ್ತು ವರ್ಷದ ಮೇಲೆ ವಿ.ವಿ. ಪುರಕ್ಕೆ ಮತ್ತೆ ಬರುತ್ತಾಳೆ. ವಠಾರಗಳು ಹೋಗಿ ಅಪಾರ್ಟ್‌ಮೆಂಟ್ ಬಂದಿವೆ. ಬಾಗಿಲ ಮೇಲೆ ಬರೆಯುವವರಿಲ್ಲ, ಹೆಸರಿನ ಫಲಕವೆಲ್ಲ ಇಂಗ್ಲಿಷಿನಲ್ಲಿ, ಅದು ಅವಳಿಗೆ ಓದಲು ಬಾರದು. ತಡೆಯುವ ಅಕ್ಷರವಿಲ್ಲದ ಮನೆಗಳು ಸಾಲು ಸಾಲಾಗಿ ತೆರೆದು ಬಿದ್ದಿವೆ. ಬಾಗಿಲು ತಟ್ಟುವ ಬದಲು ಅವಳೀಗ ಫೋನು ಮಾಡುತ್ತಾಳೆ. ಅಮೆರಿಕದಲ್ಲಿರುವ ಮಗನ ದನಿಯಲ್ಲಿ ಅಪ್ಪನನ್ನು ಕರೆಯುತ್ತಾಳೆ. ಈಗಿನ ಮೋಸಗಾರರು ಯಂತ್ರ ಬಳಸಿ ಮಾಡುವ ಕೆಲಸ ಅವಳಿಗೆ ಹುಟ್ಟಿನಿಂದ ಬಂದದ್ದು.

ನೋಡಲು ಹೇಗಿದ್ದಾಳೆ? ಸಂಜೆ ಅಲ್ಲಿಯ ತಿಂಡಿ ಬೀದಿಗೆ ಬರುವ ಯಾವ ಹೆಂಗಸಿನಂತೆಯೂ ಇರಲಿ. ಕಾಟನ್ ಸೀರೆ, ಕೈಯಲ್ಲಿ ಬಟ್ಟೆ ಚೀಲ, ಅದರಲ್ಲೊಂದು ಹೋಳಿಗೆ ಪೊಟ್ಟಣ. ಹಿಂದೆ ಇದೇ ಬೀದಿಯಲ್ಲಿ ನಡೆಯುತ್ತಿದ್ದ ಅವರೆಬೇಳೆ ಮೇಳದಂಥ ನೂಕುನುಗ್ಗಲು, ಹಿತಕಿದ ಬೇಳೆಯ ಘಮ, ದೋಸೆ ಕಾವಲಿಯ ಹೊಗೆ, ಆ ಹೊಗೆಯಲ್ಲಿ ಬಲ್ಬುಗಳು ಹಳದಿ ಚುಕ್ಕಿ. ನೂರು ಜೊತೆ ಕಾಲುಗಳ ನಡುವೆ ಒಂದು ಜೊತೆ ಮಾತ್ರ ತಿರುಗಿದೆ. ಆ ಚೌಕವನ್ನು ನಿಮ್ಮಲ್ಲಿ ಜನಸಂದಣಿ ಬರೆಯಲು ಬರುವವರು ಬರೆಯಲಿ. ಬಾಣದ ಗುರುತು ಹಾಕಿ ತೋರಿಸಬೇಡಿ, ಓದುವವರೇ ಹುಡುಕಿಕೊಳ್ಳಲಿ.

ಹುಟ್ಟು? ಒಂದು ರಾತ್ರಿ ಅವಳನ್ನು ಗಂಡನ ಮನೆಯವರು ಹೊರಗೆ ಹಾಕಿದರು. ಬೀದಿಯ ಪ್ರತಿ ಬಾಗಿಲನ್ನೂ ತಟ್ಟಿದಳು, ಹೆಸರು ಹಿಡಿದು ಕರೆದಳು. ಒಳಗಿದ್ದವರು ದನಿ ಗುರುತಿಸಿದರು. ಒಂದು ಕಿಟಕಿಯಿಂದ ಮಾತ್ರ ಉತ್ತರ ಬಂತು: ಈಗ ಬೇಡಮ್ಮ, ನಾಳೆ ಬಾ. ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ. ಊರಿಗೆ ಊರೇ ಬಾಗಿಲ ಮೇಲೆ ಬರೆದುಕೊಂಡ ರಕ್ಷೆ ಅವಳನ್ನು ಕೊಂದ ಮಾತೇ. ಇದು ಮೊದಲ ಸಂಚಿಕೆಯಲ್ಲಿ ಓದುಗರಿಗೆ ಗೊತ್ತಾಗಬಾರದು, ನಿಮಗೆ ಮಾತ್ರ ಗೊತ್ತಿರಬೇಕು. ಎಂಟನೆಯ ಸಂಚಿಕೆಯಲ್ಲಿ ನಿಮ್ಮ ಪ್ರಶ್ನೆ ಕೇಳುವ ಹುಡುಗಿ ಬೀದಿಯ ಹಿರಿಯರೊಬ್ಬರ ಮುಂದೆ ಕೂತು, ಆ ರಾತ್ರಿ ಕಿಟಕಿಯಲ್ಲಿ ಇದ್ದವರು ಯಾರು ತಾತ, ಎಂದು ಕೇಳಲಿ. ಉತ್ತರ ಅವಳದೇ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಕೊನೆಗೆ ಎರಡು ಕೋರಿಕೆ. 1965ರಲ್ಲಿ ಐಬಿಎಚ್ ಪ್ರಕಾಶನದ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಹಟ ಹಿಡಿದು ಮಕ್ಕಳ ಚಿತ್ರಕಥೆಗಳನ್ನು ಕನ್ನಡದಲ್ಲಿ ತಂದರು. ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಖ್ಯೆಗಳು ಆ ಕನ್ನಡ ಪುಸ್ತಕಗಳವು. ಇಂಗ್ಲಿಷಿನ 'ಕೃಷ್ಣ' ಬಂದದ್ದು ಹನ್ನೊಂದನೆಯದಾಗಿ. ನೀವೂ ಮೊದಲು ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷಿಗೆ ಆಮೇಲೆ ಹೋಗಿ. ಬಾಗಿಲ ಮೇಲಿನ ಬರಹ ಓದುವವಳ ಕಥೆಯನ್ನು ಬೇರೆ ಭಾಷೆಯಲ್ಲಿ ಶುರುಮಾಡಿದರೆ ಅವಳೇ ಒಪ್ಪುವುದಿಲ್ಲ.

ಎರಡನೆಯದು, ಮೊದಲ ಸಂಚಿಕೆ ಅಚ್ಚಾದ ದಿನ ತಿಳಿಸಿ. ದುಡ್ಡು ಕೊಟ್ಟೇ ಕೊಳ್ಳುತ್ತೇನೆ. ಪಿ.ಡಿ.ಎಫ್. ಕಳಿಸಬೇಡಿ.

ಇಂತಿ,
ನಿಮ್ಮ ಬಡಾವಣೆಯ ಓದುಗ